ಅರ್ಧ ತಲೆಯ ದಾವೆ

ಪೊಲೀಸ್ ಆಕ್ಷನ್ ಆಗುವುದಕ್ಕೆ ಹತ್ತು ಹನ್ನೆರಡು ವರ್ಷ ಮೊದಲಿನ ಮಾತು. ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ಚಿತ್ತಾಪುರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ನಾನು ಹರಕೆಯ ಮಗ. ಆರು ವರ್ಷವಾದರೂ ಜಾವಳ ತೆಗೆದಿರಲಿಲ್ಲ. ಅವ್ವ ನನಗೆ ಹೆಣ್ಣುಮಕ್ಕಳಂತೆ ಎರಡು ಜಡೆ ಹೆಣೆಯುತ್ತಿದ್ದಳು. ಅಷ್ಟರಲ್ಲಿ ಸೇಡಂನ ಸೋದರಮಾವನ ಮದುವೆ ಗೊತ್ತಾಯಿತು. ಮೆರವಣಿಗೆಯಲ್ಲಿ ಕುದುರೆಯ ಮೇಲೆ ಮಾವನ ಮುಂದೆ ಕೂರುವವನು ನಾನೇ ಎಂದೂ ಆಯಿತು. ಮದುವೆಗೆ ಮೊದಲು ಜಾವಳ ಮುಗಿಸಿಬಿಡೋಣವೆಂದು ಹಡಪದ ಸಿದ್ದಣ್ಣನನ್ನು ಕರೆಸಿದರು.

ಸಿದ್ದಣ್ಣನ ಕತ್ತಿಗಿಂತ ನಾಲಿಗೆ ಹರಿತ. ನನ್ನ ಎಡಭಾಗ ಬೋಳಿಸುವಷ್ಟರಲ್ಲಿ ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ್ದ. ಹಾದಿಯಲ್ಲಿ ಹೋಗುವ ಯಾರನ್ನೋ ಮಾತಾಡಿಸಲು ತಿರುಗಿದ, ಕತ್ತಿ ಕಿವಿಯ ಮೇಲ್ಗಡೆ ತಲೆಗೆ ತಾಗಿತು. ರಕ್ತ ಕಂಡದ್ದೇ ತಡ, ಅಪ್ಪ ಅವನನ್ನು ಅಂಗಳದಿಂದ ಹೊರಗೆ ಅಟ್ಟಿದರು. ಆಯಿ, ಅಂದರೆ ಅಪ್ಪನ ತಾಯಿ, ಗಾಯಕ್ಕೆ ಅರಿಶಿನ ಮೆತ್ತಿದಳು. ಒಂದು ಕಡೆ ಬೋಳು, ಇನ್ನೊಂದು ಕಡೆ ಸೊಂಟದವರೆಗೆ ಜಡೆ. ಓಣಿಯ ಹುಡುಗರೆಲ್ಲ ನೋಡಲು ಬಂದರು, ನನಗೋ ಹಿಗ್ಗೇ ಹಿಗ್ಗು.

ಮರುದಿನ ಅಪ್ಪ ನನ್ನನ್ನು ಚಿತ್ತಾಪುರದ ವಕೀಲ ಸಾಹೇಬರಲ್ಲಿಗೆ ಕರೆದೊಯ್ದರು. ಸಾಹೇಬರು ನನ್ನ ತಲೆಯನ್ನು ಸುತ್ತಲೂ ತಿರುಗಿಸಿ ನೋಡಿದರು. ಶಿಕ್ಷೆಯಾಗಲೆಂದು ಫೌಜದಾರಿ ಖಟ್ಲೆ ಹಾಕಬಹುದು, ಆದರೆ ಬೇಕೆಂದೋ ನಿರ್ಲಕ್ಷ್ಯದಿಂದಲೋ ಗಾಯ ಮಾಡಿದನೆಂದು ತೋರಿಸಬೇಕು. ಇಲ್ಲವೆ ದಿವಾನಿ ಅದಾಲತ್ತಿನಲ್ಲಿ ಪರಿಹಾರ ಕೇಳಬಹುದು. ಎರಡೂ ಬೇಡವಾದರೆ ಪಂಚರ ಮುಂದೆ ರಾಜಿ. ಹೀಗೆ ಬಿಡಿಸಿ ಹೇಳಿದರು. ಅಪ್ಪ ಫೌಜದಾರಿಯನ್ನೇ ಹಿಡಿದು ಕೂತರು.

"ಹಂಗಾದ್ರ ಪೇಶಿ ಆಗೂತನಕ ಈ ತಲೀನೇ ಸಬೂತ್. ಯಾರೂ ಕೈ ಹಚ್ಚಬ್ಯಾಡ್ರಿ," ಎಂದರು ಸಾಹೇಬರು.

ಪೇಶಿ, ಅಂದರೆ ಅದಾಲತ್ತಿನ ವಿಚಾರಣೆ, ಇದ್ದದ್ದು ಮದುವೆ ಕಳೆದ ಮೇಲೆ. ಈ ಅವತಾರದ ಹುಡುಗನನ್ನು ಬೀಗರ ಮುಂದೆ ಒಯ್ಯುವುದು ಹೇಗೆ? ನಾನು ಆಯಿಯ ಜೊತೆ ಮನೆಯಲ್ಲೇ ಉಳಿಯಬೇಕೆಂದು ಅಪ್ಪ ಹೇಳಿಬಿಟ್ಟರು. ಕುದುರೆ ತಪ್ಪಿತಲ್ಲ ಎಂದು ನಾನು ಊಟ ಬಿಟ್ಟು ಅತ್ತೆ. ವಕೀಲರು ತಲೆಯ ಬಗ್ಗೆ ಏನೆಂದರು ಎಂದು ಆಯಿ ಕೇಳಿದಳು. "ಸಬೂತ್ ಇರಬೇಕಂತ," ಎಂದಷ್ಟೇ ಹೇಳಿ ಅಪ್ಪ ಹೊಲಕ್ಕೆ ಹೋದರು.

ನಮ್ಮ ಕಡೆ ಸಬೂತ್ ಎಂದರೆ ಪುರಾವೆ. ಸಾಬೂತ ಎಂದರೆ ಅರೆಬರೆಯಲ್ಲದ, ಇಡಿಯಾದದ್ದು.

ಗಾಯ ಒಣಗಿದ ದಿನ ಆಯಿ ಸಿದ್ದಣ್ಣನನ್ನು ಹಿತ್ತಲ ಬಾಗಿಲಿಂದ ಕರೆಸಿದಳು. ಜೈಲಿಗೇ ಹೋಗುತ್ತೇನೆಂದುಕೊಂಡಿದ್ದ ಅವನು ಬಂದವನೇ ಆಯಿಯ ಕಾಲಿಗೆ ಬಿದ್ದ. ಆಯಿ ನನ್ನ ತಲೆಯನ್ನು ತಾನೇ ಹಿಡಿದುಕೊಂಡು, "ತಲಿ ಮ್ಯಾಲ ಲಕ್ಷ್ಯ ಇಡು. ಬಾಯಿ ಬಿಟ್ರ ನೋಡು," ಎಂದಳು. ಸಿದ್ದಣ್ಣ ತುಟಿ ಪಿಟಕ್ಕೆನ್ನದೆ ಉಳಿದರ್ಧ ಮುಗಿಸಿದ.

ಸಂಜೆ ಅಪ್ಪ ಬಂದವರೇ ನನ್ನ ಬೋಳು ತಲೆ ನೋಡಿ ನಿಂತುಬಿಟ್ಟರು. ಸಬೂತ್ ಎಲ್ಲಿ ಹೋಯಿತೆಂದು ಕೂಗಾಡಿದರು.

"ನೀನೇ ಹೇಳ್ದೆಲ್ಲಪ್ಪ, ತಲಿ ಸಾಬೂತ ಇರಬೇಕಂತ," ಎಂದಳು ಆಯಿ. "ಅರ್ಧಾ ಇತ್ತು, ಸಾಬೂತ ಮಾಡಿಸೀನಿ."

ಅಪ್ಪ ಸಿಟ್ಟು ಹಿಡಿದಿಡಲು ನೋಡಿದರು, ಆಗಲಿಲ್ಲ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ದಾವೆ ಅಲ್ಲಿಗೇ ಮುಗಿಯಿತು. ಸುದ್ದಿ ಕೇಳಿದ ವಕೀಲ ಸಾಹೇಬರು, ಇಂಥ ದಾರಿ ತಮ್ಮ ಕಾನೂನಿನಲ್ಲಿಲ್ಲ ಎಂದರಂತೆ. ನಾನು ಹೊಳೆಯುವ ಬೋಳು ತಲೆಯಲ್ಲಿ ಸೇಡಂನ ಬೀದಿಗಳಲ್ಲಿ ಕುದುರೆ ಸವಾರಿ ಮಾಡಿದೆ. ಅಂಥ ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ. ಸಿದ್ದಣ್ಣ ಆಮೇಲೆ ಕತ್ತಿ ಕೈಯಲ್ಲಿದ್ದಾಗ ಮಾತಾಡುತ್ತಿರಲಿಲ್ಲ, ಅದನ್ನು ಒರೆಸಿಟ್ಟ ಮೇಲೆ ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದ.

ನಮ್ಮ ಆಯಿಯ ಕಿವಿ ಭಾಳ ಚುರುಕು, ಪಕ್ಕದ ಮನೆಯ ಪಿಸುಮಾತೂ ಅವಳಿಗೆ ಕೇಳುತ್ತಿತ್ತು. ದೊಡ್ಡವನಾದ ಮೇಲೆ ಒಮ್ಮೆ, ಅಂದು ನಿಜವಾಗಿ ತಪ್ಪು ಕೇಳಿಸಿತ್ತೇ ಎಂದು ಕೇಳಿದೆ. ಅವಳು ನನ್ನ ಕೂದಲಲ್ಲಿ ಬೆರಳಾಡಿಸಿ, ಕಿವಿಯ ಮೇಲಿನ ಆ ಗಾಯದ ಕಲೆಯನ್ನು ಹುಡುಕಿ ಸವರಿದಳು.

"ಸಾಬೂತ ಅದ ಬಿಡು," ಎಂದಳು.