ಡ್ರೈವರಣ್ಣನ ಮಂಜು

ಬೆಟ್ಟದ ತುದಿ ತೋರಿಸಲು ಜನರನ್ನು ಕರೆದೊಯ್ಯುವ ಈ ಜೀಪಿನ ಡ್ರೈವರಣ್ಣನ ಬಾಯಿಗೆ ಬ್ರೇಕೇ ಇಲ್ಲ. ಮೊದಲ ತಿರುವಿನಲ್ಲಿ ಮೇಲಿಂದ ಮೂರು ಕಣಿವೆ ಕಾಣುತ್ತವೆ ಎಂದವನು, ಹತ್ತನೆಯ ತಿರುವಿಗೆ ಬರುವಷ್ಟರಲ್ಲಿ ಅವನ್ನು ಏಳು ಮಾಡಿ, ಎರಡು ನದಿಗಳನ್ನೂ ಸೇರಿಸಿ, "ದೇವ್ರು ಕೊಟ್ಟಿರೋದು ಎರಡೇ ಕಣ್ಣು, ಸಾಲಲ್ಲ ಸಾರ್" ಎಂದು ನಿಟ್ಟುಸಿರು ಬಿಡುತ್ತಾನೆ. ಆದರೆ ಜೀಪು ನಿಲ್ಲುವ ಜಾಗದಿಂದ ತುದಿಗೆ ಇನ್ನೂ ಇನ್ನೂರು ಮೆಟ್ಟಿಲು. ಹತ್ತಲಾಗದೆ ಮಂಡಿ ನೀವಿಕೊಳ್ಳುತ್ತ ಸೀಟಿನಲ್ಲೇ ಉಳಿಯುವ ಹಿರಿಯರೊಬ್ಬರು ಪ್ರತಿ ಸಲವೂ ಇದ್ದೇ ಇರುತ್ತಾರೆ. ಉಳಿದ ಡ್ರೈವರುಗಳೆಲ್ಲ ಟೀ ಕುಡಿಯಲು ಹೋದರೆ ಇವನು ಮಾತ್ರ ಅವರ ಪಕ್ಕ ಕೂತು, ಅಷ್ಟು ಹೊತ್ತು ಹೊಗಳಿದ್ದನ್ನೆಲ್ಲ ಅಳಿಸಿ ಹಾಕುತ್ತಾನೆ: "ಮೇಲೆ ಏನ್ ಮಣ್ಣಿದೆ ಅಮ್ಮಾ, ಬರೀ ಮಂಜು. ಹತ್ತಿದೋರು ಕಾಲು ನೋಯಿಸ್ಕೊಂಡು ಬರ್ತಾರೆ, ಅಷ್ಟೆ." ಮೊನ್ನೆ ಹಾಗೆ ಉಳಿದದ್ದು ನಮ್ಮಮ್ಮ. ಇಳಿದು ಬಂದ ನಮಗೆ ಅವನು, "ಮೇಲೆ ಬರೀ ಮಂಜು ಅಲ್ವಾ ಸಾರ್?" ಎನ್ನುತ್ತ ಕಣ್ಣಲ್ಲೇ ಸನ್ನೆ ಮಾಡಿದ. ಕಂಡ ಕಣಿವೆಗಳನ್ನೆಲ್ಲ ನುಂಗಿಕೊಂಡು ನಾವೂ, "ಬರೀ ಮಂಜು ಅಮ್ಮಾ, ಏನೂ ಕಾಣಲಿಲ್ಲ" ಎಂದೆವು. ನೆತ್ತಿಯ ಮೇಲೆ ಒಂದು ಚೂರು ಮೋಡವೂ ಇರಲಿಲ್ಲ. ಅಮ್ಮ ಆ ನೀಲಿ ಆಕಾಶವನ್ನೊಮ್ಮೆ ನೋಡಿ, ಅವನ ಭುಜ ತಟ್ಟಿ, "ನಿನ್ನ ಮಂಜು ತುಂಬಾ ಚೆನ್ನಾಗಿತ್ತಪ್ಪ" ಎಂದಳು.