ತಂತಿಯ ಕೆಳಗಿನ ಎಳೆ

ಟಿ. ದಾಸರಹಳ್ಳಿಯ ಆ ಬೀದಿಯನ್ನು ದಿನಾ ಎಬ್ಬಿಸುವುದು ತುಮಕೂರು ರಸ್ತೆಯ ಲಾರಿಗಳು. ಅವಕ್ಕಿಂತ ಮೊದಲೇ ಎದ್ದ ಅಂಗಡಿ ಅಲ್ಲೊಂದಿದೆ. ಷಟರು ಅರ್ಧಕ್ಕೆ ಇಳಿದಿದೆ, ಒಳಗೆ ಒಂದೇ ಒಂದು ದೀಪ. ಮೈಯೆಲ್ಲ ಬೆವರುವಷ್ಟು ಸೆಖೆ, ಆದರೂ ಫ್ಯಾನು ತಿರುಗುತ್ತಿಲ್ಲ. ಮಣೆ ಹಾಕಿಕೊಂಡು ಕೂತ ಸರಳಾ ಬಲಗೈಯಲ್ಲಿ ಪುಟ್ಟ ಮಷೀನಿನ ಹಿಡಿ ತಿರುಗಿಸುತ್ತಿದ್ದಾರೆ. ಎಡಗೈಯ ಎರಡು ಬೆರಳುಗಳ ನಡುವೆ ಏನೋ ಜಾರಿಹೋಗುತ್ತಿದೆ. ಏನದು ಎಂದು ಬಗ್ಗಿ ನೋಡಿದರೂ ಕಾಣದು. ದೀಪಕ್ಕೆ ಓರೆಯಾಗಿ ಹಿಡಿದಾಗ ಮಾತ್ರ ಕೆಂಪಗೆ ಮಿಂಚುತ್ತದೆ. ತಾಮ್ರದ ಎಳೆ, ತಲೆಗೂದಲಿಗಿಂತ ಸಣ್ಣದು.

ಫ್ಯಾನಿನ ಗಾಳಿಗೆ ಆ ಎಳೆ ಹಾರಾಡುತ್ತದೆ. ಯಾರಾದರೂ ಕೂಗಿ ಬೆಚ್ಚಿಬೀಳಿಸಿದರೆ ಪಟ್ಟೆಂದು ಹರಿಯುತ್ತದೆ. ಹರಿದರೆ ಮುಗಿಯಿತು, ಮೊದಲಿಂದ ಸುತ್ತಬೇಕು. ಹಾಗಾಗಿ ಬೀದಿಯವರಿಗೆಲ್ಲ ಒಂದು ಲೆಕ್ಕ ಗೊತ್ತು: ಸರಳಾ ಅಂಗಡಿಯ ಫ್ಯಾನು ನಿಂತಿದ್ದರೆ ಮಾತಾಡಿಸಬಾರದು. ಎದುರಿನಲ್ಲಿ ಹೂ ಕಟ್ಟುವ ಗೋಪಾಲಮ್ಮ ಲೋಟದಲ್ಲಿ ಕಾಫಿ ಹಿಡಿದು ಫ್ಯಾನು ತಿರುಗುವುದನ್ನೇ ಕಾಯುತ್ತಾರೆ. "ಇವ್ಳ ತಪಸ್ಸು ಮುಗಿಯೋಷ್ಟೊತ್ಗೆ ಕಾಫಿ ಮೇಲೆ ಕೆನೆ ಕಟ್ಟಿರ್ತದೆ" ಎಂದು ಗೊಣಗುತ್ತಾರೆ. ಆದರೆ ಒಂದು ದಿನವೂ ಕಾಫಿ ತಪ್ಪಿಸಿಲ್ಲ.

ಸರಳಾ ಮೋಟಾರು ಸುತ್ತುವವರು. ಬೋರ್‌ವೆಲ್ ಪಂಪು, ಮಿಕ್ಸಿ, ಪೀಣ್ಯದ ಶೆಡ್ಡುಗಳಿಂದ ಬರುವ ಸುಟ್ಟ ಮೋಟಾರು, ಇವೇ ಅವರ ಹೊಟ್ಟೆಪಾಡು. ಒಳಗಿನ ಕರಕಲು ತಾಮ್ರ ಕಿತ್ತು ಹೊಸದು ಸುತ್ತಿ ಕೊಟ್ಟರೆ ಸಂಪಿನ ನೀರು ಮತ್ತೆ ಮೇಲೇರುತ್ತದೆ. ಹಗಲಿಡೀ ಈ ಕೆಲಸ. ಬೆಳಗಿನ ಜಾವದ್ದು ಮಾತ್ರ ಬೇರೆ. ಅದು ಗಿಟಾರಿನ ಕೆಲಸ.

ಎಲೆಕ್ಟ್ರಿಕ್ ಗಿಟಾರನ್ನು ನೋಡಿದವರು ಬಹಳ, ಅದರ ಹೊಟ್ಟೆಯನ್ನು ನೋಡಿದವರು ಕಡಿಮೆ. ತಂತಿಗಳ ಕೆಳಗೆ ಬೆಂಕಿಪೊಟ್ಟಣದಂಥ ಒಂದು ಡಬ್ಬಿ ಕೂತಿರುತ್ತದೆ, ಪಿಕಪ್ ಅಂತ ಅದರ ಹೆಸರು. ಅದರೊಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ತಂತಿ ನಡುಗಿದ್ದನ್ನು ಹಿಡಿದು ಸ್ಪೀಕರಿಗೆ ಒಪ್ಪಿಸುವುದು ಆ ಎಳೆಯೇ. ಅದು ಕೆಟ್ಟರೆ ಎಂಥ ವಾದಕನ ಗಿಟಾರೂ ಬರೀ ಮರ. ವರ್ಷಗಳ ಹಿಂದೆ ಯಶವಂತಪುರದ ಮೈಕ್‌ಸೆಟ್ಟಿನ ಅಕ್ಬರ್ ಪಾಷಾ ಅಂಥದ್ದೊಂದು ಡಬ್ಬಿ ತಂದು, "ಮೋಟಾರೇ ಸುತ್ತೋರಿಗೆ ಇದೇನ್ ಮಹಾ ಗುರು" ಎಂದು ಸರಳಾ ಅವರ ಗಂಡ ಮುನಿರಾಜು ಅವರ ಮುಂದೆ ಇಟ್ಟರಂತೆ. ಮುನಿರಾಜುಗೆ ಅದೇ ಹುಚ್ಚಾಯಿತು. ಆರ್ಕೆಸ್ಟ್ರಾದವರ ನಡುವೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು.

ಇದು ಇಬ್ಬರ ಕೆಲಸ. ಮುನಿರಾಜು ಹಿಡಿ ತಿರುಗಿಸುತ್ತಿದ್ದರು, ಸರಳಾ ಎದುರಿಗೆ ಕೂತು ಎಳೆ ಹಿಡಿಯುತ್ತಿದ್ದರು. ಮಾತಿಲ್ಲ, ಕತೆಯಿಲ್ಲ, ಇಬ್ಬರೂ ಉಸಿರು ಬಿಗಿಹಿಡಿದು ಕೂರುವುದು. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಮುನಿರಾಜು ಎದೆ ಹಿಡಿದುಕೊಂಡು ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ಆಮೇಲೆ ಹಿಡಿಯೂ ಎಳೆಯೂ ಸರಳಾ ಒಬ್ಬರ ಪಾಲಿಗೆ ಬಂದವು.

"ಆಗ್ಲೂ ಮಾತಿರ್ಲಿಲ್ಲ, ಈಗ್ಲೂ ಮಾತಿಲ್ಲ" ಎನ್ನುತ್ತಾರೆ ಸರಳಾ. "ಆದ್ರೆ ಎದುರಿಗೆ ಒಬ್ರು ಕೂತು ಸುಮ್ನಿರೋದೇ ಬೇರೆ. ಯಾರೂ ಇಲ್ದೆ ಸುಮ್ನಿರೋದೇ ಬೇರೆ ಕಣ್ರೀ."

ಹೆಣ್ಣುಮಗಳೊಬ್ಬಳು ಮೋಟಾರು ಸುತ್ತುತ್ತಾಳಾ ಎಂದು ಮೂಗು ಮುರಿದವರು ಹೋಗಿ ಬೇರೆ ಅಂಗಡಿ ಹುಡುಕಿಕೊಂಡರು. ಉಳಿದವರು ಉಳಿದರು. ಆದರೆ ಗಿಟಾರಿನವರು ಒಬ್ಬೊಬ್ಬರಾಗಿ ಕಡಿಮೆಯಾದರು. ಆನ್‌ಲೈನಿನಲ್ಲಿ ಹೊಸ ಡಬ್ಬಿಯೇ ಮನೆ ಬಾಗಿಲಿಗೆ ಬರುವಾಗ ಹಳೆಯದನ್ನು ಸುತ್ತಿಸುವವರು ಯಾರು? ಅಲ್ಲದೆ ಈ ಕಸುಬಿನಲ್ಲಿ ಇನ್ನೊಂದು ಕಷ್ಟವಿದೆ. "ಚೆನ್ನಾಗಿದ್ರೆ ಯಾರೂ ವಾಪಸ್ ಬರಲ್ಲ. ಕೆಟ್ರೇನೇ ಬರೋದು. ಹಂಗಾಗಿ ನಾನು ಸುತ್ತಿದ್ದು ಚೆನ್ನಾಗಿ ನುಡೀತಾ ಇದ್ಯೋ ಇಲ್ವೋ ನಂಗೆ ಗೊತ್ತೇ ಆಗಲ್ಲ." ಪ್ರೋಗ್ರಾಮಿಗೆ ಹೋಗಿ ಕೇಳಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ಅಷ್ಟು ಜನದ ಮಧ್ಯೆ ನಾನೊಬ್ಳೇ ಹೋಗಿ ಎಲ್ಲಿ ಕೂತ್ಕೊಳ್ಳಲಿ?"

ಈಚೆಗೆ ಬಂದದ್ದು ಆವಲಪ್ಪನವರ ಗಿಟಾರು. ಮಾಕಳಿಯ ಆವಲಪ್ಪ ಹಗಲು ಟೆಂಪೋ ಓಡಿಸುತ್ತಾರೆ. ಗಣೇಶ ಕೂರಿಸಿದಲ್ಲಿ, ಅಣ್ಣಮ್ಮನ ಉತ್ಸವದಲ್ಲಿ, ರಾಜ್ಯೋತ್ಸವದ ಪೆಂಡಾಲಿನಲ್ಲಿ ಗಿಟಾರು ನುಡಿಸುತ್ತಾರೆ. ನಿಧಾನದ ಹಾಡು ಮುಗಿಯುವಾಗ ಎಲ್ಲ ವಾದ್ಯ ನಿಂತು ಅವರ ಗಿಟಾರಿನ ಒಂದೇ ಒಂದು ಸ್ವರ ಉಳಿಯುತ್ತದೆ, ಉದ್ದಕ್ಕೆ, ಸಣ್ಣಗಾಗುತ್ತಾ. ಅದೇ ಅವರ ಬಂಡವಾಳ. ಆ ಗಿಟಾರಿನ ಡಬ್ಬಿಯನ್ನು ಹಿಂದೆ ಸುತ್ತಿದ್ದು ಸರಳಾ ಮತ್ತು ಮುನಿರಾಜು. ಇಬ್ಬರೂ ಸೇರಿ ಸುತ್ತಿದ ಕೊನೆಯದು.

ನುಡಿಸುವ ಕೈಯ ಬೆವರು ಇಳಿದು ಇಳಿದು ಎಳೆಗೆ ಕಿಲುಬು ಹಿಡಿದಿತ್ತು. ಸದ್ದು ಸತ್ತಿತ್ತು. ಅಂದರೆ ಹಳೆಯದನ್ನು ಕತ್ತರಿಸಿ ತೆಗೆಯಲೇಬೇಕು. ಬ್ಲೇಡು ಹಿಡಿದು ಕೂತ ಸರಳಾಗೆ ಎಷ್ಟೋ ಹೊತ್ತು ಕೈ ಬರಲಿಲ್ಲ. "ಅವ್ರ ಕೈ ಇದ್ದಿದ್ದು ಇನ್ನೆಲ್ಲೂ ಉಳ್ದಿರ್ಲಿಲ್ಲ. ಅದನ್ನೇ ಕುಯ್ಬೇಕಲ್ಲ ಅಂತ ಅಳು ಬಂತು." ಈ ಅಂಗಡಿಯ ಹಳೆ ತಾಮ್ರವೆಲ್ಲ ಗುಜರಿಗೆ ಹೋಗುತ್ತದೆ. ಆ ಒಂದು ಹಿಡಿ ಎಳೆ ಮಾತ್ರ ದೇವರ ಫೋಟೋ ಹಿಂದಿನ ಸ್ಟೀಲ್ ಡಬ್ಬಿ ಸೇರಿದೆ.

ಹೊಸದು ಸುತ್ತುವಾಗ ಸರಳಾಗೆ ತಮ್ಮ ಕೈ ಮೇಲೆ ನಂಬಿಕೆಯಿರಲಿಲ್ಲ. ಗಂಡನ ಬಿಗಿ ತಮಗೆ ಬಾರದು ಎಂದು ಹೆದರಿ ನಾಲ್ಕು ಸುತ್ತು ಹೆಚ್ಚೇ ಹಾಕಿದರು. ಮೇಣ ಕರಗಿಸಿ ಅದರಲ್ಲಿ ಅದ್ದಿದರು, ಇಲ್ಲದಿದ್ದರೆ ಸ್ಟೇಜಿನ ಮೇಲೆ ಕಿರ್ರೆಂದು ಕಿರುಚುತ್ತದೆ. ಕೂರಿಸುವಾಗ, ದನಿ ಇನ್ನೂ ಜೋರು ಬರಲಿ ಎಂದು ಸ್ಕ್ರೂ ತಿರುಗಿಸಿ ಡಬ್ಬಿಯನ್ನು ತಂತಿಗೆ ತಾಗುವಷ್ಟು ಮೇಲೆತ್ತಿದರು. ಅತಿಯಾಸೆ ಗತಿಗೇಡು ಅಂತ ಸುಮ್ಮನೆ ಹೇಳುತ್ತಾರೆಯೇ?

ಆವಲಪ್ಪ ಬಂದು, ಅಂಗಡಿಯಲ್ಲೇ ಇರುವ ಮುನಿರಾಜು ಕಾಲದ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ ಮೀಟಿದರು. ಬೀದಿ ನಾಯಿ ಎದ್ದು ಓಡುವಷ್ಟು ಜೋರು. ಆದರೆ ಅವರ ಮುಖ ಅರಳಲಿಲ್ಲ.

"ಜೋರಾಗೇನೋ ಐತೆ ತಾಯಿ. ಆದ್ರೆ ಸ್ವರ ಉಳ್ಕಂಡು ನಿಲ್ತಾನೇ ಇಲ್ಲ. ಬಾಯ್ ತಗ್ದು ತಕ್ಷಣ ಮುಚ್ಕಂಡಂಗೆ ಆಯ್ತದೆ. ಮುಂಚೆ ಇಂಗಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. 'ಮುಂಚೆ' ಎಂದ ಮಾತು ಸರಳಾಗೆ ನಾಟಿತು. ಭಾನುವಾರ ಗಣೇಶನ ಪ್ರೋಗ್ರಾಮು, ಅಷ್ಟರೊಳಗೆ ನೋಡಿ ಎಂದು ಆವಲಪ್ಪ ಗಿಟಾರು ಬಿಟ್ಟು ಹೋದರು. ಅವತ್ತು ಫ್ಯಾನು ತಿರುಗುತ್ತಿದ್ದರೂ ಸರಳಾ ಕಾಫಿ ಮುಟ್ಟಲಿಲ್ಲ. ಗೋಪಾಲಮ್ಮನ ಮುಂದೆ ಕಡ್ಡಿ ಮುರಿದಂತೆ ಹೇಳಿದರಂತೆ: "ಅಕ್ಕಾ, ಇದು ಸರಿ ಹೋಗ್ಲಿಲ್ಲ ಅಂದ್ರೆ ಗಿಟಾರು ಮುಟ್ಟಲ್ಲ ನಾನು. ಪಂಪು ಸುತ್ಕೊಂಡು ಇದ್ದುಬಿಡ್ತೀನಿ. ಅದು ಅವ್ರ ಜೊತೆಗೇ ಹೋಯ್ತು ಅಂದ್ಕೊಳ್ತೀನಿ."

ಮತ್ತೆ ಬೆಳಗಿನ ಜಾವ. ಇನ್ನೊಂದು ಸಲ ಸುತ್ತಲೆಂದು ಡಬ್ಬಿ ಬಿಚ್ಚುತ್ತಿರುವಾಗ, ಪಕ್ಕದ ತಟ್ಟೆಯಲ್ಲಿದ್ದ ಸಣ್ಣ ನಟ್ಟೊಂದು ಜಾರಿ ಬಂದು ಟಕ್ಕೆಂದು ಅದಕ್ಕೆ ಅಂಟಿತು. ದಿನಾ ಆಗುವುದೇ. ಬೈದುಕೊಂಡು ಕೀಳಲು ಹೋದ ಸರಳಾ ಹಾಗೇ ಕೂತುಬಿಟ್ಟರು. "ನಟ್ಟನ್ನ ಎಳ್ಕೊಳ್ಳೋ ಮ್ಯಾಗ್ನೆಟ್ಟು ತಂತೀನ ಬಿಡುತ್ತಾ? ಅದೂ ಕಬ್ಬಿಣದ್ದೇ ತಾನೇ. ಅಷ್ಟು ಹತ್ರ ಇಟ್ರೆ ಪಾಪ ಅದು ನಡುಗೋದಾದ್ರೂ ಹೆಂಗೆ? ಹಿಡ್ಕೊಂಡ್ ಬಿಡುತ್ತೆ. ಸುತ್ತಿದ್ದು ತಪ್ಪಲ್ಲ, ಕೂರ್ಸಿದ್ದು ತಪ್ಪು!"

ಎಳೆಯನ್ನು ಮುಟ್ಟಲೇ ಇಲ್ಲ. ಡಬ್ಬಿ ಮತ್ತೆ ಕೂರಿಸಿ, ಸ್ಕ್ರೂ ತಿರುಗಿಸಿ ಕೆಳಗಿಳಿಸಿದರು. ಮೀಟಿದರೆ ದನಿ ಸ್ವಲ್ಪ ತಗ್ಗಿತ್ತು. ಇನ್ನೊಂಚೂರು ಇಳಿಸಿದರು. ಈಗ ಸ್ವರ ಆರದೆ ಉಳಿದು ನಿಂತಿತು. ಲಾರಿಯೊಂದು ಬಂದು ಹಾದುಹೋದ ಮೇಲೂ ಒಳಗೆ ಅದು ಕೇಳುತ್ತಲೇ ಇತ್ತು. "ಜೋರು ಬೇಕಾದ್ರೆ ಪೆಟ್ಟಿಗೆ ತಿರುಪು ತಿರುಗಿಸ್ಕೊಳ್ಳಲಿ. ಉಸಿರು ಪೆಟ್ಟಿಗೆಯಿಂದ ಬರಲ್ಲ" ಎಂದು ನಗುತ್ತಾರೆ. ಅದನ್ನು ಹೇಳಲು ಆಗ ಎದುರಿಗೆ ಯಾರೂ ಇರಲಿಲ್ಲ ಎನ್ನುವಾಗ ಆ ನಗು ಇರುವುದಿಲ್ಲ.

ಆವಲಪ್ಪ ಗಡಿಬಿಡಿಯಲ್ಲಿ ಬಂದು ಗಿಟಾರು ಒಯ್ದರು. ಭಾನುವಾರ ಕಳೆಯಿತು. ಸುದ್ದಿಯಿಲ್ಲ. ಸುದ್ದಿ ಬಂದರಲ್ಲವೇ ಚಿಂತೆ, ಬಾರದಿದ್ದರೆ ಒಳ್ಳೆಯದೇ ಎಂದು ಸರಳಾ ತಮಗೆ ತಾವೇ ಹೇಳಿಕೊಂಡರು. ಮನಸ್ಸು ಕೇಳಬೇಕಲ್ಲ.

ಇವತ್ತು ಕೆಲಸ ಮುಗಿಸಿ ಫ್ಯಾನು ಹಾಕಿ, ಕೆನೆ ಕಟ್ಟಿದ ಕಾಫಿ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಷಟರಿನ ಕೆಳಗೆ ಬಗ್ಗಿ ಬರುತ್ತಾರೆ ಆವಲಪ್ಪ, ಹೆಗಲ ಮೇಲೆ ಗಿಟಾರು. ಸರಳಾ ಲೋಟ ಕೆಳಗಿಡುತ್ತಾರೆ.

"ಏನಣ್ಣ, ಏನ್ ಕೆಟ್ಟೋಯ್ತು?"

"ಏನೂ ಕೆಟ್ಟಿಲ್ಲ ತಾಯಿ. ಕೇಳಿಸ್ಬುಟ್ಟು ಓಗಾನ ಅಂತ ಬಂದೆ."

ಇಷ್ಟು ವರ್ಷದಲ್ಲಿ ಏನೂ ಕೆಡದೆ ಬಂದ ಮೊದಲ ಗಿರಾಕಿ. ಸರಳಾ ಸೆರಗಲ್ಲಿ ಮಣೆ ಒರೆಸಿ ಮುಂದಿಡುತ್ತಾರೆ. ಅವ್ರ ಕೈ ಬಿಗಿ ಹಂಗೇ ಬಂದಿದೆಯಾ ಎಂದು ಮೆಲ್ಲಗೆ ಕೇಳುತ್ತಾರೆ. ಆವಲಪ್ಪ ವೈರು ಸಿಕ್ಕಿಸುತ್ತಾ, "ಆವಯ್ಯ ಹಿಡಿ ತಿರುಗಿಸ್ತಿದ್ದ. ಎಳೆ ಇಡ್ಕಂಡಿದ್ದು ಆವಾಗ್ಲೂ ನೀನೇ ತಾನೇ?" ಎನ್ನುತ್ತಾರೆ. ಸರಳಾ ಎದ್ದು ಹೋಗಿ ಫ್ಯಾನು ಆರಿಸಿ ಬಂದು ಕೂರುತ್ತಾರೆ.

ಆವಲಪ್ಪ ನುಡಿಸುತ್ತಾರೆ. ಕೊನೆಯ ಸ್ವರವನ್ನು ಮೀಟಿ ಕೈ ಎತ್ತುತ್ತಾರೆ. ಬಾಗಿಲಲ್ಲಿ ನಿಂತ ಗೋಪಾಲಮ್ಮ ಮುಗಿಯಿತೆಂದು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆಯಲು ಹೋಗುತ್ತಾರೆ. ಕಣ್ಣು ಮುಚ್ಚಿಕೊಂಡಿದ್ದ ಸರಳಾ, ಎಳೆ ಹಿಡಿಯುವ ಆ ಎರಡು ಬೆರಳೆತ್ತಿ ತಡೆಯುತ್ತಾರೆ.

"ತಡಿ ಅಕ್ಕಾ. ಇನ್ನೂ ಇದೆ."