ಸ್ಲೈಮ್‌ಗೆ ಬಿದ್ದ ಕೇರಂ ಪೌಡರ್

ಆ ಭಾನುವಾರ ತಮ್ಮ ಮಂಜ ನನ್ನನ್ನು ಕೇರಂನಲ್ಲಿ ಸೋಲಿಸಿದ. “ಅಕ್ಕಾ, ನೀನು ಸ್ಟ್ರೈಕರ್ ಹೊಡೀತೀಯೋ, ಸೊಳ್ಳೆ ಹೊಡೀತೀಯೋ?” ಎಂದು ನಕ್ಕ. ನಾನು ಮುಖ ಊದಿಸಿಕೊಂಡೇ ಚಳ್ಳಕೆರೆಯ ನನ್ನ ಮನೆಗೆ ಬಂದೆ. ಮರುದಿನ ಫೋನ್. ಮಂಜನಿಗೆ ಎದೆನೋವಂತೆ. ಅವನ ಊರು ಮೊಳಕಾಲ್ಮೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಆ ಮನೆಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಹೋದ ವಾರ ಹೋದೆ. ಬಾಗಿಲಲ್ಲೇ ಕೂಗಾಟ! ನನಗೆ ಖುಷಿಯಾಯಿತು. (ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಯಾರೂ ದನಿ ಎತ್ತಿರಲಿಲ್ಲ.)

ಮಂಜನ ಮಗಳು ಸಿಂಚನ ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಬೆರಳ ಸಂದಿಯಿಂದ ಹಸಿರು ಲೋಳೆ ಇಳಿಯುತ್ತಿತ್ತು. ಯೂಟ್ಯೂಬ್ ನೋಡಿ ಸ್ಲೈಮ್ ಮಾಡಿದ್ದಾಳೆ! ಸ್ಲೈಮ್ ಗೊತ್ತಲ್ಲ? ಮಕ್ಕಳು ಎಳೆದೆಳೆದು ಹಿಸುಕುವ ಉಂಡೆ. ಉಪಯೋಗ? ಏನೂ ಇಲ್ಲ. ಅದೇ ಅದರ ಮಜಾ. ಆದರೆ ಇವಳದು ಉಂಡೆಯಾಗದೆ ಗೋಂದಾಗಿಯೇ ಉಳಿದಿತ್ತು.

“ಲೇ, ಆ ಕೈ ಈ ಕಡೆ ತಂದ್ರೆ ನೋಡು! ಮಗ್ಗದ ಮ್ಯಾಲೆ ರೇಷ್ಮೆ ಐತೆ!” ಒಳಗಿಂದ ಅವಳವ್ವ ಲಕ್ಷ್ಮಿ.

“ಅತ್ತೆ, ಏನಾದ್ರೂ ಮಾಡು!”

ಮಾಡಿದೆ. ಮೈದಾ ಹಾಕಿದೆ. ಬೋಂಡಾ ಹಿಟ್ಟಿನಂತಾಯಿತು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ನಾದಿದೆ. ಈಗ ನನಗೂ ಅಂಟಿತು!

“ಬೋರಿಕ್ ಪೌಡರ್ ಹಾಕ್ಬೇಕಂತೆ ಅತ್ತೆ, ವಿಡಿಯೋದಾಗೆ ಹೇಳಿದ್ರು” ಎಂದಳು ಹುಡುಗಿ, ಮೆಲ್ಲಗೆ.

ಕೇರಂ ಬೋರ್ಡಿಗೆ ಉದುರಿಸುತ್ತಾರಲ್ಲ, ಅದೇ ಪೌಡರ್. ಮಂಜನ ಡಬ್ಬಿ ಅಟ್ಟದ ಮೇಲಿದೆ. ಅವನು ಹೋದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಲಕ್ಷ್ಮಿ ಧೂಳು ಒರೆಸಲೂ ಬಿಡುವುದಿಲ್ಲ. ಅದು ನನಗೂ ಗೊತ್ತು, ಹುಡುಗಿಗೂ ಗೊತ್ತು.

“ಮೆಡಿಕಲ್‌ನಾಗೆ ತರ್ತೀನಿ” ಎಂದು ಚಪ್ಪಲಿ ಹುಡುಕಿದೆ.

ಮಗ್ಗದ ಸದ್ದು ನಿಂತಿತು. ಲಕ್ಷ್ಮಿ ಎದ್ದು ಬಂದಳು. ಸ್ಟೂಲ್ ಎಳೆದು ಹತ್ತಿದಳು. ಡಬ್ಬಿಯನ್ನು ಒಂದು ಕ್ಷಣ ಎದೆಗೊತ್ತಿ ಹಿಡಿದು, ಇಳಿದಳು.

“ಮನೆಯಾಗೆ ಇಟ್ಕಂಡು ಅಂಗಡಿಗೆ ಯಾಕಕ್ಕಾ?”

“ಬ್ಯಾಡ ಲಕ್ಷ್ಮಿ, ಇರ್ಲಿ ಬಿಡು.”

“ಇಟ್ಕಂಡು ಏನು ಪೂಜೆ ಮಾಡ್ಲಾ? ಅವರಿದ್ದಿದ್ರೆ ಮಗಳು ಕೇಳಿದ ಕೂಡ್ಲೇ ಡಬ್ಬಿನೇ ಸುರೀತಿದ್ರು.”

ಮುಚ್ಚಳ ಬಿಗಿದಿತ್ತು. ತಿರುಗಿಸಿ ತೆಗೆದಳು. ಬಿಸಿನೀರಿಗೆ ಸ್ವಲ್ಪ ಪೌಡರ್, ಚಿಟಿಕೆ ಅಡುಗೆ ಸೋಡಾ. ಕದಡಿ, ಒಂದೊಂದೇ ಚಮಚ ಲೋಳೆಗೆ. ನಾದು, ನಿಲ್ಲಿಸು, ಮತ್ತೆ ನಾದು. (ಅವಸರಪಟ್ಟು ಜಾಸ್ತಿ ಹಾಕಿದರೆ ರಬ್ಬರಾಗುತ್ತದೆ. ಬಾಯಿಗಂತೂ ಹೋಗಬಾರದು.) ನೋಡನೋಡುತ್ತಲೇ ಲೋಳೆ ಪಾತ್ರೆಯ ಅಂಚು ಬಿಟ್ಟಿತು. ಬೆರಳು ಬಿಟ್ಟಿತು. ಉಂಡೆಯಾಯಿತು!

“ಬಂತು ಅತ್ತೆ! ಅವ್ವಾ, ಬಂತು!”

ಎಳೆದೆವು. ಹಜಾರದಿಂದ ಬಾಗಿಲವರೆಗೆ ಎಳೆದೆವು! ಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ನನಗಿಂತ ಜೋರಾಗಿ ಎಳೆದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಹೋದವರ ಸಾಮಾನನ್ನು ನಾವೇಕೆ ಹಾಗೆ ಬಿಗಿಯಾಗಿ ಮುಚ್ಚಿಡುತ್ತೇವೆ? ತೆರೆದರೆ ಅವರು ಇನ್ನಷ್ಟು ದೂರ ಹೋಗಿಬಿಡುತ್ತಾರೆ ಎಂದೇ? ಆ ಮಧ್ಯಾಹ್ನ ನನಗೆ ಹಾಗನ್ನಿಸಲಿಲ್ಲ.

ಸಂಜೆ ಹೊರಟೆ. ಅವ್ವ, ಮಗಳು ಇಬ್ಬರೂ ಬಾಗಿಲಿಗೆ ಬಂದು ಕೈಬೀಸಿದರು.

ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬರಲು ತಮ್ಮ ಇಲ್ಲ.